ಪೋಸ್ಟ್‌ಮಾಸ್ಟರ ಮನೆಯ ಮೂರನೇ ಲೋಟ

ನಮ್ಮ ಯಜಮಾನರ ಸ್ಕೂಟರಿನ ಹಿಂದೆ ಕೂತು ಮನೆ ಬಿಟ್ಟರೆ ಹೋದ ಕೆಲಸ ಆಗುವುದಿಲ್ಲ, ಅಂದುಕೊಳ್ಳದ ಇನ್ನೊಂದು ಕೆಲಸ ಮಾತ್ರ ಆಗಿಯೇ ತೀರುತ್ತದೆ. ಮದುವೆಯಾದಾಗಿನಿಂದ ಹೀಗೇ. ಸೊಪ್ಪು ತರಲು ಹೋಗಿ ಬೆಕ್ಕಿನ ಮರಿ ತಂದಿದ್ದೇವೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಯಾರದೋ ನಾಮಕರಣದ ಊಟ ಮಾಡಿಕೊಂಡು ಬಂದಿದ್ದೇವೆ. ನಾನು ಹಾಸನದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಮೇಡಂ, ಅವರು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರು. ಇಬ್ಬರೂ ಲೆಕ್ಕಾಚಾರದ ಜನ ಅಂತ ನಮ್ಮ ಬೀದಿಯವರು ನಂಬಿದ್ದಾರೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಕ್ಕೆ ಅವರಿಗೊಂದು ಹುಚ್ಚು ಹತ್ತಿತು. ಅದರಿಂದ ನನ್ನ ಅಪ್ಪನ ದಿಕ್ಸೂಚಿ ಕಳೆದುಹೋಯಿತು. ಅದನ್ನು ಹುಡುಕಿಕೊಂಡು ಅಲೆದ ಕಥೆ ಇದು. ನಗು ಬಂದರೆ ನಗಿ, ನನಗೆ ಆಗ ನಗು ಬಂದಿರಲಿಲ್ಲ.

ಆಕಾಶಕ್ಕೆ ಕಂಡ ತುಳಸಿಕಟ್ಟೆ

ಗಣಿ ಸರ್ವೆ ಮಾಡುತ್ತಿದ್ದ ಅವರ ಹಳೆಯ ಸಹಪಾಠಿಯೊಬ್ಬರು ಹೊಸ ಜಿಪಿಎಸ್ ಸೆಟ್ಟು ಕೊಂಡು, ಹಳೆಯದನ್ನು ಇವರ ಕೈಗೆ ಹಾಕಿದರು. ಹಳದಿ ಬಣ್ಣ, ಸೋಪಿನ ಡಬ್ಬಿಯಷ್ಟು ಗಾತ್ರ, ಮೇಲೊಂದು ಬೂದು ಪರದೆ.

"ಇದು ಆಕಾಶದಲ್ಲಿರೋ ಉಪಗ್ರಹಗಳನ್ನ ಕೇಳಿಕೊಂಡು ನಾವು ಎಲ್ಲಿದ್ದೀವಿ ಅಂತ ಹೇಳುತ್ತೆ" ಅಂದರು.

"ನಾವು ಹಾಸನದಲ್ಲಿದ್ದೀವಿ. ಅದಕ್ಕೆ ಉಪಗ್ರಹದವರೆಗೂ ಹೋಗಬೇಕಾ?" ಅಂದೆ.

ಅವರು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ತುಳಸಿಕಟ್ಟೆಯ ಪಕ್ಕ ನಿಲ್ಲಿಸಿ, ಸೆಟ್ಟು ಕೈಯಲ್ಲಿಟ್ಟರು. ಪರದೆಯ ಮೇಲೆ ಒಂದೊಂದಾಗಿ ಕಪ್ಪು ಗೆರೆಗಳು ಎದ್ದವು. ಒಂದು, ಮೂರು, ಐದು. ಆಮೇಲೆ ಕೆಳಗಡೆ ಅಂಕಿಗಳು ಒಂದಿಷ್ಟು ಹೊತ್ತು ತಡಕಾಡಿ ನಿಂತುಬಿಟ್ಟವು. ಅಕ್ಷಾಂಶ, ರೇಖಾಂಶ. ನಾನು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಎಕ್ಸು, ವೈ ಇವೇ. ಆದರೆ ಆ ಬಿಂದುವಿನ ಮೇಲೆ ಒಬ್ಬಳು ಹೆಂಗಸು, ಕೈಗೆ ಒಗ್ಗರಣೆಯ ಎಣ್ಣೆ ಮೆತ್ತಿಕೊಂಡು, ನಿಂತಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು. ಅಷ್ಟು ದೂರದಲ್ಲಿ ಸುತ್ತುವ ಯಾವುದೋ ಲೋಹದ ಪೆಟ್ಟಿಗೆಗೆ ನಮ್ಮ ತುಳಸಿಕಟ್ಟೆ ಗೊತ್ತು ಅಂದರೆ ಏನು ಸಾಮಾನ್ಯವೇ?

ಮಾರನೇ ದಿನ ಅವರು ಸೈಬರ್ ಕೆಫೆಯಿಂದ ಒಂದು ಕಟ್ಟು ಕಾಗದ ತಂದರು. ಹೊರದೇಶಗಳಲ್ಲಿ ಇದರದ್ದೊಂದು ಆಟವಿದೆಯಂತೆ, ಜಿಯೋಕ್ಯಾಶಿಂಗ್ ಅಂತ ಹೆಸರು. ಒಬ್ಬರು ಬೆಟ್ಟದಲ್ಲೋ ಕಾಡಿನಲ್ಲೋ ಡಬ್ಬಿ ಅಡಗಿಸಿ ಅದರ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಇನ್ನೊಬ್ಬರು ಸೆಟ್ಟು ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಬರುತ್ತಾರೆ.

ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ ಇದನ್ನು ತೋರಿಸಬೇಕೆಂದು ಇವರು ನನ್ನ ಎಡಗಾಲಿನ ಚಪ್ಪಲಿಯನ್ನು ಮೈದಾನದ ಒಂದು ಪೊದೆಯಲ್ಲಿ ಅಡಗಿಸಿ, ಅಂಕಿ ಬರೆದುಕೊಟ್ಟರು. ಹೆಡ್‌ಮಾಸ್ಟರು ಸೆಟ್ಟನ್ನು ಮಂಗಳಾರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಹೊರಟರು. ಬಾಣದ ಗುರುತು ಅವರನ್ನು ನೇರವಾಗಿ ಅದೇ ಪೊದೆಗೆ ಕರೆದೊಯ್ದಿತು. ಅವರು ಕಣ್ಣರಳಿಸಿ ಆಕಾಶಕ್ಕೆ ಒಂದು ನಮಸ್ಕಾರ ಹಾಕಿದರು. ಆಮೇಲೆ ಪೊದೆಯೊಳಗೆ ಕೈ ಹಾಕಿದರೆ ಚಪ್ಪಲಿ ಇಲ್ಲ. ಮೈದಾನದ ಆ ಕೊನೆಯಲ್ಲಿ ಒಂದು ನಾಯಿ ಅದರ ಬಾರು ಅಗಿಯುತ್ತಾ ಕೂತಿತ್ತು.

"ಮೇಷ್ಟ್ರೇ, ಅಷ್ಟೊಂದು ಉಪಗ್ರಹದಲ್ಲಿ ಒಂದಕ್ಕಾದರೂ ನಾಯಿ ಕಾಣಿಸಬಾರದಿತ್ತೇ?" ಅಂತ ಹೆಡ್‌ಮಾಸ್ಟರು ಕೇಳಿದರು.

ಒಂದು ಇಡಿ, ಒಂದು ತೆಗೆದುಕೊಳ್ಳಿ

ನಮಗೆ ಗೊತ್ತಿದ್ದ ಮಟ್ಟಿಗೆ ಇಡೀ ಹಾಸನ ಜಿಲ್ಲೆಗೆ ಈ ಆಟ ಆಡುವವರು ಇವರೊಬ್ಬರೇ. ಅಡಗಿಸುವವರೂ ಇವರೇ, ಹುಡುಕುವವರೂ ಇವರೇ. ಡಬ್ಬಿ ಇಟ್ಟು ಬಂದು, ಮರೆಯಲಿ ಅಂತ ಹದಿನೈದು ದಿನ ಬಿಟ್ಟು, ಆಮೇಲೆ ಹೋಗಿ ಹುಡುಕುತ್ತಿದ್ದರು. ಸಿಕ್ಕಾಗ ಪಡುವ ಸಂತೋಷ ನೋಡಿದರೆ ನನಗೇ ಬೈಯಲು ಮನಸ್ಸು ಬರುತ್ತಿರಲಿಲ್ಲ.

ಮೊದಲನೇ ಡಬ್ಬಿ ಇಟ್ಟದ್ದು ದುದ್ದದ ಹತ್ತಿರ ಒಂದು ಬಂಡೆಯ ಸಂದಿಯಲ್ಲಿ. ನನ್ನ ಸ್ಟೀಲಿನ ಚಕ್ಕುಲಿ ಡಬ್ಬಿ, ಒಳಗೊಂದು ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ಸಿಲ್ಲು, ಒಂದು ಸೀಟಿ, ಒಂದು ಭೂತಗನ್ನಡಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿದ್ದರು: 'ಒಂದು ವಸ್ತು ಇಡಿ, ಹೆಸರು ಬರೆಯಿರಿ, ಒಂದು ವಸ್ತು ತೆಗೆದುಕೊಳ್ಳಿ.' ಅದು ಆಟದ ನಿಯಮವಂತೆ.

ತಿಂಗಳು ಕಳೆದ ಮೇಲೆ ಒಂದು ದಿನ ನನ್ನ ಬೀರು ಒರೆಸುತ್ತಿದ್ದೆ. ಅಪ್ಪನ ದಿಕ್ಸೂಚಿ ಇಟ್ಟಿದ್ದ ಜಾಗ ಖಾಲಿ. ನಮ್ಮಪ್ಪ ಸರ್ವೆಯವರು. ಈ ಜಿಲ್ಲೆಯ ಹೊಲಗಳನ್ನು ಸರಪಳಿ ಎಳೆಸಿ ಅಳೆದವರು. ಅಪ್ಪ ಹೋದ ಮೇಲೆ ಅಣ್ಣಂದಿರು ಮನೆ ಸಾಮಾನು ಹಂಚಿಕೊಳ್ಳುವಾಗ, ನಿನಗೇನು ಬೇಕು ಅಂತ ಕೇಳಿದರು. ಆ ಹಿತ್ತಾಳೆಯ ದಿಕ್ಸೂಚಿ ಒಂದು ಸಾಕು ಅಂದಿದ್ದೆ. ಅಂಗೈಯಷ್ಟಗಲ, ಮುಚ್ಚಳ ಬೇರೆ. ಮುಚ್ಚಳದ ಒಳಗಡೆ ನಾನು ಆರು ವರ್ಷದವಳಿದ್ದಾಗ ಮೊಳೆಯಿಂದ ಗೀಚಿದ 'ಅ' ಇದೆ. ಅಪ್ಪ ಅದಕ್ಕೆ ಬೈದಿರಲಿಲ್ಲ.

"ಅದನ್ನ ಡಬ್ಬಿಯಲ್ಲಿ ಇಟ್ಟಿದ್ದೀನಿ" ಅಂದರು ಇವರು, ಕಾಫಿ ಕುಡಿಯುತ್ತಾ. "ಮೊದಲನೇ ಡಬ್ಬಿಗೆ ಬೆಲೆಬಾಳೋದು ಇರಲಿ ಅಂತ. ಯಾಕೆ ಗಾಬರಿ? ಅಲ್ಲಿಗೆ ಬರೋರು ಯಾರು? ಮನೆಯಲ್ಲಿ ಇಟ್ಟರೆ ಯಾವ ವಸ್ತು ಎಲ್ಲಿದೆ ಅಂತ ನಿನಗೇ ಗೊತ್ತಿರಲ್ಲ. ಅಲ್ಲಿಟ್ಟರೆ ಐದು ಮೀಟರಿನೊಳಗೆ ಗೊತ್ತಿರುತ್ತೆ."

ನಾನು ಹೋಗಿ ಸ್ಕೂಟರಿನ ಹಿಂದೆ ಕೂತೆ.

ಡಬ್ಬಿ ಬಂಡೆಯ ಸಂದಿಯಲ್ಲೇ ಇತ್ತು. ದಿಕ್ಸೂಚಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಸ್ಟೀಲ್ ಲೋಟ, ಒಂದು ಬೆಂಕಿಪೊಟ್ಟಣ. ನೋಟ್‌ಬುಕ್ಕಿನಲ್ಲಿ ಇಬ್ಬರು ಬಂದುಹೋದ ಗುರುತು. ಮೊದಲನೆಯವರು ಬರೆದಿದ್ದರು: 'ಮಾನ್ಯ ಸರ್ಕಾರದವರಿಗೆ ನಮಸ್ಕಾರ. ಬೆಂಕಿಪೊಟ್ಟಣ ಇಟ್ಟು ಸೀಟಿ ತೆಗೆದುಕೊಂಡಿದ್ದೇನೆ. ನಮ್ಮೂರಿಗೆ ಸಂಜೆ ಆರು ಗಂಟೆಗೆ ಒಂದು ಬಸ್ಸು ಬಿಡಬೇಕಾಗಿ ವಿನಂತಿ.' ಎರಡನೆಯವರು ಏನೂ ಬರೆದಿರಲಿಲ್ಲ. ಕುಂಕುಮದಲ್ಲಿ ಒಂದು ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ.

ಲೋಟ ಇಟ್ಟು ದಿಕ್ಸೂಚಿ ತೆಗೆದುಕೊಂಡವರು ಆ ಹೆಬ್ಬೆಟ್ಟಿನವರು. ಬಂಡೆಯ ಕೆಳಗಿನ ಹಟ್ಟಿಯಲ್ಲಿ ವಿಚಾರಿಸಿದೆವು. ಇವರ ಕೈಯಲ್ಲಿದ್ದ ಸೆಟ್ಟು ನೋಡಿದ ಕೂಡಲೇ ಎಲ್ಲರೂ, "ನಮ್ಗೇನೂ ಗೊತ್ತಿಲ್ಲ ಸಾ" ಅಂದು ಒಳಗೆ ಹೋದರು.

ನಾನು ಬಂಡೆಯ ಮೇಲೆ ಕೂತು ಅತ್ತೆ. ಇವರು ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ನಿಂತು ಸಮಾಧಾನ ಹೇಳಿದರು: "ಒಂದು ನೋಡು, ನಿಯಮ ಮಾತ್ರ ಸರಿಯಾಗಿ ಪಾಲಿಸಿದ್ದಾರೆ."

ಆರು ಲೋಟದ ಜಾತಕ

ಲೋಟದ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದರು: 'ಪೋಸ್ಟ್‌ಮಾಸ್ಟರ ಮನೆಯವರು, ಹೊಳೆನರಸೀಪುರ.' ನಮ್ಮ ಕಡೆ ಮದುವೆಗೆ ಪಾತ್ರೆ ಉಡುಗೊರೆ ಕೊಡುವವರು ಹೆಸರು ಕೆತ್ತಿಸದೆ ಕೊಡುವುದಿಲ್ಲ. ಈ ಲೋಟ ಕೊಟ್ಟವರಿಗೆ ತಮ್ಮ ಹೆಸರಿಗಿಂತ ಹುದ್ದೆಯ ಮೇಲೆ ಪ್ರೀತಿ ಇತ್ತೆಂದು ಕಾಣುತ್ತದೆ.

ಹೊಳೆನರಸೀಪುರದಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ ಮನೆ ಅಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಇವರು ಮಾತ್ರ ಯಾರನ್ನೂ ಕೇಳದೆ ಸೆಟ್ಟಿನಲ್ಲೇ ಹುಡುಕುತ್ತೇನೆಂದು ದೇವಸ್ಥಾನದ ಬೀದಿಯನ್ನು ಮೂರು ಸುತ್ತು ಹಾಕಿಸಿದರು. ಪ್ರದಕ್ಷಿಣೆಯ ಪುಣ್ಯವಾದರೂ ಬಂತು ಅಂದುಕೊಂಡೆ.

ಪೋಸ್ಟ್‌ಮಾಸ್ಟರು ಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಹೆಂಡತಿ ಇದ್ದರು, ಎಂಬತ್ತರ ಹತ್ತಿರ, ಕಣ್ಣಿಗೆ ಪೊರೆ. ಲೋಟವನ್ನು ಕೈಗೆ ಕೊಟ್ಟೆ. ಅವರು ನೋಡಲಿಲ್ಲ, ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಅರ್ಧ ಡಜನ್ ಕೆತ್ತಿಸಿದ್ವಿ" ಅಂದರು. "ಇದು ಮೂರನೇದು."

"ಹೇಗೆ ಗೊತ್ತಾಯ್ತಮ್ಮ?"

"ಪಾತ್ರೆ ಅಂಗಡಿಯವನು ಮೂರನೇದು ಕೆತ್ತುವಾಗ ಸೀನಿದ. ಮಾಸ್ಟರ 'ಸ್ಟ'ಕ್ಕೆ ಒಂದು ಚುಕ್ಕಿ ಜಾಸ್ತಿ ಬಿತ್ತು. ನಮ್ಮನೆಯವರು ಅದಕ್ಕೆ ಅವನ ಹತ್ತಿರ ಒಂದು ವಾರ ಮಾತಾಡಲಿಲ್ಲ. ಒಂದನೇದು ನಮ್ಮ ಓರಗಿತ್ತಿ ಮಗಳಿಗೆ ಹೋಯಿತು. ಎರಡನೇದು ಸಂಗೀತದ ಮೇಷ್ಟ್ರ ಮನೆ ಉಪನಯನಕ್ಕೆ. ಇದು ಅರಕಲಗೂಡಿಗೆ, ಅಲ್ಲಿ ಪೋಸ್ಟ್‌ಮ್ಯಾನ್ ಇದ್ದರಲ್ಲ, ಅವರ ಮಗನ ಮದುವೆಗೆ. ಅವತ್ತು ಹುಳಿಗೆ ಉಪ್ಪು ಹೆಚ್ಚಾಗಿತ್ತು."

ನಾಲ್ಕು, ಐದು, ಆರನೆಯದೂ ಹೇಳಿದರು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟ ಆರು ಲೋಟ ಆ ತಾಯಿಯ ತಲೆಯಲ್ಲಿ ಇನ್ನೂ ಅವುಗಳ ದಾರಿಯಲ್ಲಿ ನಡೆಯುತ್ತಿದ್ದವು. ಇವರೂ ಕೈಯಲ್ಲಿದ್ದ ಸೆಟ್ಟನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಹೊರಡುವಾಗ ಆಕೆ ಇವರನ್ನು ಕೇಳಿದರು: "ಕೈಯಲ್ಲಿ ಏನೋ ಹಳದಿಯಾಗಿ ಕಂಡ ಹಾಗಿತ್ತಲ್ಲಪ್ಪ, ಅದೇನು?"

"ಯಾವುದು ಎಲ್ಲಿದೆ ಅಂತ ಹೇಳುತ್ತಮ್ಮ."

"ಪಾಪ" ಅಂದರು ಆಕೆ. "ನಿಮಗೆ ಈ ವಯಸ್ಸಿಗೇ ಮರೆವಾ?"

ಎಮ್ಮೆಯ ಕರಾರುವಾಕ್ಕು

ಅರಕಲಗೂಡಿನ ಪೋಸ್ಟ್‌ಮ್ಯಾನ್ ಮನೆಯಲ್ಲಿ ಸೊಸೆ ಇದ್ದಳು, ಅಂದರೆ ಆವತ್ತಿನ ಮದುಮಗಳು. ಉಡುಗೊರೆ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸಿದ್ದೇನೆ ಅಂತ ಗಂಡನ ಎದುರಿಗೆ ಹೇಗೆ ಒಪ್ಪಿಕೊಳ್ಳುತ್ತಾಳೆ? "ಅಯ್ಯೋ, ಪೋಸ್ಟ್‌ಮಾಸ್ಟರ ಲೋಟವಾ? ನಮ್ಮನೇಲೇ ಐತಲ್ಲ" ಅಂದವಳೇ ಒಳಗೆ ಹೋಗಿ ಅಟ್ಟದ ಮೇಲೆಲ್ಲ ಹುಡುಕತೊಡಗಿದಳು. ಲೋಟ ನನ್ನ ಕೈಯಲ್ಲಿತ್ತು. ಅವಳಿಗೂ ಅದು ಕಾಣುತ್ತಿತ್ತು. ಆದರೂ ಅರ್ಧ ಗಂಟೆ ಹುಡುಕಿದಳು.

ಅಷ್ಟರಲ್ಲಿ ನಮ್ಮೆಜಮಾನರು ಸುಮ್ಮನೆ ಕೂರದೆ ಹಿತ್ತಲಾಚೆ ಹೊಲದಲ್ಲಿ, ಹೊಂಗೆ ಮರದ ಬೇರಿನ ನಡುವೆ ಒಂದು ಹೊಸ ಡಬ್ಬಿ ಅಡಗಿಸಿ ಬಂದರು. ಇಷ್ಟಾದರೂ ಬುದ್ಧಿ ಬಂದಿರಲಿಲ್ಲ. ಬಂದು ಜೇಬು ತಡಕಿದರು. ಸ್ಕೂಟರಿನ ಕೀ ಇಲ್ಲ. ಡಬ್ಬಿಗೆ ಪೆನ್ಸಿಲ್ಲು ಹಾಕುವಾಗ ಕೀಯೂ ಸೇರಿಹೋಗಿದೆ.

ಓಡಿಹೋಗಿ ನೋಡಿದರೆ ಆ ಬೇರಿನ ಮೇಲೆ ಒಂದು ಎಮ್ಮೆ ಮಲಗಿತ್ತು. ಎಬ್ಬಿಸಲು ನೋಡಿದರು. ಅದು ಒಂದು ಕಿವಿ ಅಲ್ಲಾಡಿಸಿತು. ಎಮ್ಮೆಯ ಯಜಮಾನ ಬಂದ.

"ಅದು ಏಳಕಿಲ್ಲ ಸಾ. ಬಿಸ್ಲು ಇಳುದ್ ಮ್ಯಾಕೇ ಏಳೋದು. ಕುಂತ್ಕಳಿ, ಮಜ್ಗೆ ತರ್ತೀನಿ."

ಮಜ್ಜಿಗೆ ಕುಡಿದು ಕೂತೆವು. ಕೂತು ನೋಡಿದರೆ ಆ ಪ್ರಾಣಿಯ ನೆಮ್ಮದಿಗೆ ನನಗೇ ಕೈ ಮುಗಿಯಬೇಕು ಅನ್ನಿಸಿತು. ಇವರು ಹೊತ್ತು ಹೋಗಲಿ ಅಂತ ಅವನಿಗೆ ಸೆಟ್ಟಿನ ಪಾಠ ಶುರು ಮಾಡಿದರು. ಎಲ್ಲಿ ಬೇಕಾದರೂ ಜಾಗ ಹೇಳುತ್ತದೆ, ಐದು ಮೀಟರ್ ಆಚೀಚೆ ತಪ್ಪಬಹುದು, ಅದಕ್ಕೆ ಎರರ್ ಅನ್ನುತ್ತಾರೆ, ಅಂತ.

ಅವನು ಎಲ್ಲ ಕೇಳಿಕೊಂಡು ಎಮ್ಮೆಯ ಕಡೆ ನೋಡಿದ. "ನಮ್ಮೆಮ್ಮೆಗೆ ಎರರ್ರೇ ಇಲ್ಲ ಸಾ. ಏಳ್ ವರ್ಸದಿಂದ ದಿನಾ ಅಲ್ಲೇ ಕೂರ್ತದೆ."

ಎರಡು ಹೆಜ್ಜೆ ಎಡಕ್ಕೆ

ಅವತ್ತು ಎಮ್ಮೆ ಎದ್ದು, ಕೀ ಸಿಕ್ಕಿ ಹೊರಡುವಾಗ ಹಿತ್ತಲ ಬಾಗಿಲಲ್ಲಿ ಆ ಸೊಸೆ ನನ್ನ ಕಿವಿಯಲ್ಲಿ ಉಸುರಿದ್ದಳು: "ರಾಮನಾಥಪುರ ಅಕ್ಕ. ನಮ್ ದೊಡ್ಡಮ್ಮನ ಮಗನ ಮನೆ ಗೃಹಪ್ರವೇಶಕ್ಕೆ ಕೊಟ್ಬುಟ್ಟೆ. ನಮ್ಮನೆಯೋರಿಗೆ ಹೇಳಬ್ಯಾಡಿ."

ಮುಂದಿನ ಭಾನುವಾರ ರಾಮನಾಥಪುರಕ್ಕೆ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳಿದರೆ, "ಹೊಳೆ ಕಡೆ ಓಗಿ, ಮೂರು ತಂಬಾಕು ಬ್ಯಾರನ್ ಬಿಡಿ, ಅಲ್ಲಿಂದ ಒಂದ್ ಕೂಗಳತೆ" ಅಂದರು. ಬ್ಯಾರನ್ ಅಂದರೆ ತಂಬಾಕಿನ ಎಲೆ ಒಣಗಿಸುವ ಎತ್ತರದ ಗೂಡು, ಕೂಗಳತೆ ಅಂದರೆ ಒಂದು ಸಲ ಕೂಗಿದರೆ ಕೇಳುವಷ್ಟು ದೂರ. ಇವರು ಅದು ಎಷ್ಟು ಮೀಟರ್ ಅಂತ ಚರ್ಚೆಗೆ ನಿಂತರು.

ತಂಬಾಕಿನ ಹೊಲಗಳ ಬದುವಿನ ಮೇಲೆ ಇವರು ಸೆಟ್ಟು ಹಿಡಿದು ಮುಂದೆ, ನಾನು ಲೋಟ ಹಿಡಿದು ಹಿಂದೆ. ಆ ಕಡೆ ಕಾವೇರಿ ಬೆಳ್ಳಗೆ ಹರಿಯುತ್ತಿತ್ತು. ಪರದೆಯ ಮೇಲೆ ಹೊಳೆಯ ಗುರುತೇ ಇರಲಿಲ್ಲ. ಇಷ್ಟು ದೊಡ್ಡ ಹೊಳೆಯನ್ನು ಬಿಟ್ಟು ನನ್ನಂಥವಳನ್ನು ಐದು ಮೀಟರಿಗೆ ಹಿಡಿಯುವ ಯಂತ್ರ ಅದೆಂಥದ್ದು ಅಂತ ಅಚ್ಚರಿಪಡುತ್ತಾ ನಿಂತೆ.

ಹಿಂತಿರುಗಿ ನೋಡಿದರೆ ನಮ್ಮ ಹಿಂದೆ ಹತ್ತು ಹನ್ನೆರಡು ಜನ. ಒಬ್ಬರ ಕೈಯಲ್ಲಿ ಎಳನೀರು. ಸರ್ಕಾರದವರು ಹೊಸ ರಸ್ತೆಗೆ ಅಳತೆಗೆ ಬಂದಿದ್ದಾರೆ ಅಂತ ಊರೆಲ್ಲ ಸುದ್ದಿಯಾಗಿತ್ತು. ಎಳನೀರಿನವರು ಇವರ ಹತ್ತಿರ ಬಂದು, "ರಸ್ತೆ ಈ ಕಡಿಂದ್ಲೇ ಓಗ್ತದಾ ಸಾ? ನಮ್ ತ್ವಾಟ ಪೂರ್ತಿ ಓಯ್ತದಾ?" ಅಂತ ಕೇಳಿದರು. ನನಗೆ ಪಾಪ ಅನ್ನಿಸಿತು.

"ರಸ್ತೆ ಅಲ್ಲಪ್ಪ, ನಾವು ಲೋಟದ ವಿಚಾರಕ್ಕೆ ಬಂದಿದ್ದೀವಿ" ಅಂದೆ. ನಂಬುವ ಮಾತೇ ಅದು?

ಅವರು ನನ್ನ ಲೋಟಕ್ಕೇ ಎಳನೀರು ಬಗ್ಗಿಸಿ ಕೊಟ್ಟು, ಇವರ ತೋಳು ಹಿಡಿದು ಗುಟ್ಟಾಗಿ ಹೇಳಿದರು: "ಎರಡೆಜ್ಜೆ ಎಡಕ್ಕೆ ಜರುಗಿ ನಿಂತ್ಕಂಡ್ ಅಳೀರಿ ಸಾ. ಅದು ನಮ್ಮಣ್ಣಂದು."

ಕರೆಯದ ಮದುವೆಯ ಪುಸ್ತಕ

ಗೃಹಪ್ರವೇಶದ ಮನೆ ಸಿಕ್ಕಿತು. ಅದು ಎಳನೀರಿನವರ ಅಣ್ಣನ ಮನೆಯೇ. ಲೋಟ ಅಲ್ಲಿಂದ ಚನ್ನರಾಯಪಟ್ಟಣದ ಒಬ್ಬ ಅಡುಗೆ ಕಂಟ್ರಾಕ್ಟರ ಮನೆಗೆ ಹೋಗಿತ್ತು.

ಚನ್ನರಾಯಪಟ್ಟಣದಲ್ಲಿ ಅವರು ಮನೆಯಲ್ಲಿರಲಿಲ್ಲ, ಛತ್ರದಲ್ಲಿ ಸಿಗುತ್ತಾರೆ ಅಂದರು. ಛತ್ರಕ್ಕೆ ಹೋದರೆ ಭರ್ತಿ ಮದುವೆ. ಅಡುಗೆಮನೆ ಯಾವ ಕಡೆ ಅಂತ ಕೇಳುವ ಮೊದಲೇ ಯಾರೋ ಪನ್ನೀರು ಎರಚಿದರು, ಇನ್ಯಾರೋ ಕೈ ಹಿಡಿದು ಎಲೆಯ ಮುಂದೆ ಕೂರಿಸಿದರು. ಗಂಡಿನ ಕಡೆಯವರು ನಮ್ಮನ್ನು ಹೆಣ್ಣಿನವರು ಅಂದುಕೊಂಡರು, ಹೆಣ್ಣಿನವರು ಗಂಡಿನವರು ಅಂದುಕೊಂಡರು. ಹೋಳಿಗೆ ಮೇಲೆ ಹೋಳಿಗೆ ಬಿತ್ತು. ಅಷ್ಟು ಗದ್ದಲದಲ್ಲೂ ಕಂಟ್ರಾಕ್ಟರು ಸೌಟು ಹಿಡಿದುಕೊಂಡೇ ಬಂದು, ಲೋಟವನ್ನು ತಿರುಗಿಸಿ ನೋಡಿ, ಒಂದು ಕ್ಷಣವೂ ಯೋಚಿಸದೆ ಹೇಳಿದರು.

"ನಮ್ ಕಾಯಿ ತುರಿಯೋ ಅಜ್ಜಿಗೆ ಹೋದ ವರ್ಷ ಹಬ್ಬಕ್ಕೆ ಕೊಟ್ಟೆ. ಅವ್ಳು ದುದ್ದದ ಕಡೆಯೋಳು. ಸೀಜನ್ನಿನ ಕೊನೇ ಮದ್ವೆ ಇದು, ಅವ್ಳು ಈಗಾಗ್ಲೇ ಊರಿಗೆ ಹೋಗವ್ಳೆ. ಅಲ್ಲೊಂದು ಬಂಡೆ ಐತೆ, ಅದರ ಕೆಳಗಡೆ ಹಟ್ಟಿ."

ಇವರು ಹೋಳಿಗೆ ಕೆಳಗಿಟ್ಟರು. ನಾಲ್ಕು ತಾಲ್ಲೂಕು ಸುತ್ತಿ ಬಂದಿದ್ದೆವು. ಡಬ್ಬಿ ಇದ್ದ ಬಂಡೆಯ ಮೇಲೆ ನಿಂತು ಒಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ನಾವು ಮೊದಲ ದಿನ ಹಟ್ಟಿಯಲ್ಲಿ ಕೇಳಿದಾಗ ಅಜ್ಜಿ ಮದುವೆ ಕೆಲಸಕ್ಕೆ ಹೋಗಿದ್ದಳು.

ಊಟ ಮಾಡಿ ಹಾಗೇ ಹೊರಡುವುದು ಹೇಗೆ? ಬಾಗಿಲ ಹತ್ತಿರ ಒಬ್ಬರು ಮುಯ್ಯಿ ಪುಸ್ತಕ ಹಿಡಿದು ಕೂತಿದ್ದರು. ಮದುವೆಗೆ ಬಂದವರು ಕೈಲಾದದ್ದು ಕೊಡುತ್ತಾರೆ, ಯಾರು ಏನು ಕೊಟ್ಟರೆಂದು ಆ ಪುಸ್ತಕದಲ್ಲಿ ಬರೆದಿಡುತ್ತಾರೆ, ನಾಳೆ ಅವರ ಮನೆಯ ಮದುವೆಗೆ ಇವರು ಹೋಗಿ ಅದನ್ನು ತೀರಿಸಬೇಕು. ಕೊಟ್ಟವರ ಕೈಗೆ ಒಂದು ತಾಂಬೂಲದ ಚೀಲ. ನಾನು ಒಂದು ಲಕೋಟೆ ಕೊಟ್ಟೆ. ಬರೆಯುವವರು ಎದ್ದುಹೋಗಿದ್ದರಿಂದ ಇವರೇ ಪೆನ್ನು ತೆಗೆದುಕೊಂಡು ಬರೆದರು.

ಹೊರಗೆ ಬಂದ ಮೇಲೆ ಏನು ಬರೆದಿರಿ ಅಂತ ಕೇಳಿದೆ. ಅವರಿಗೇ ಆಗ ಅರಿವಾಯಿತು. ಡಬ್ಬಿಯ ಪುಸ್ತಕದಲ್ಲಿ ಬರೆದು ಬರೆದು ಕೈಗೆ ಅಭ್ಯಾಸವಾಗಿತ್ತು. ಯಾವುದೋ ಅಪರಿಚಿತರ ಮುಯ್ಯಿ ಪುಸ್ತಕದಲ್ಲಿ ಇವತ್ತಿಗೂ ಹೀಗಿದೆ: 'ಕಷ್ಟಪಟ್ಟು ಹುಡುಕಿದೆವು, ಕೊನೆಗೂ ಸಿಕ್ಕಿತು. ಜಾಗ ಚೆನ್ನಾಗಿದೆ.'

ಕೆಟ್ಟುಹೋದದ್ದು

ಅಜ್ಜಿ ಹಟ್ಟಿಯ ಮುಂದೆ ರಾಗಿ ಕೇರುತ್ತಾ ಕೂತಿದ್ದಳು. ನನ್ನ ಕೈಯಲ್ಲಿ ಲೋಟ ನೋಡಿದ ಕೂಡಲೇ ಮೊರ ಕೆಳಗಿಟ್ಟು ಎದ್ದಳು.

"ಬಂದ್ರಾ ತಾಯಿ? ಬಂಡೆ ಮ್ಯಾಲೆ ಮದ್ವೆ ಮಾಡ್ದೋರು ನೀವೇನಾ?"

ನಾವು ಮುಖ ಮುಖ ನೋಡಿಕೊಂಡೆವು. ಅವಳೇ ಹೇಳಿದಳು. "ಕುರಿ ಒಡ್ಕಂಡ್ ಓಗಿದ್ದೆ. ಡಬ್ಬಿ ಸಿಕ್ತು. ಒಳ್ಗೆ ಬುಕ್ಕು. ಮೊಮ್ಮಗಳ ಕೈಲಿ ಓದಿಸ್ದೆ. ಒಂದು ಮಡಗ್ರಿ, ಯೆಸ್ರು ಬರೀರಿ, ಒಂದು ತಗಳಿ ಅಂತ ಐತೆ ಅಂದ್ಲು. ಮುಯ್ಯಿ ಬುಕ್ಕೇ ಅಲ್ವಾ ಅದು? ಛತ್ರಕ್ಕೆ ಗತಿ ಇಲ್ದೋರು ಯಾರೋ ಪಾಪ, ಬಂಡೆ ಮ್ಯಾಲೆ ಮದ್ವೆ ಮಡಿಕಂಡು ಓಗವ್ರೆ ಅನ್ಕಂಡೆ. ಅಷ್ಟ್ ದೊಡ್ ಬುಕ್ಕಲ್ಲಿ ಒಬ್ನೇ ಒಬ್ಬ ಬರ್ದವ್ನೆ, ಅದೂ ಬೆಂಕಿಪೊಟ್ನ. ಕರ್ಳು ಚುರ್ ಅಂತು ಕಣವ್ವ. ಅಟ್ಟಿಗ್ ಬಂದು ಇದ್ದುದ್ರಲ್ಲಿ ಒಳ್ಳೇ ಲೋಟ ತಗಂಡೋಗಿ ಮಡಗಿ, ನಾನೇ ಬೆಟ್ಟು ಒತ್ತಿ, ತಾಂಬೂಲ ಅಂತ ಒಂದ್ ತಗಂಡ್ ಬಂದೆ."

ತಾಂಬೂಲ. ನನ್ನ ಅಪ್ಪನ ದಿಕ್ಸೂಚಿ. ಇವರು ಸಾವಿರಾರು ಮೈಲಿ ಆಚೆಯಿಂದ ತಂದ ಆಟದ ನಿಯಮ ಈ ಅಜ್ಜಿಗೆ ಹುಟ್ಟಿನಿಂದ ಗೊತ್ತಿತ್ತು.

ಒಳಗೆ ಕರೆದಳು. ದೇವರ ಗೂಡಿನಲ್ಲಿ ದಿಕ್ಸೂಚಿ ಇತ್ತು, ಮುಚ್ಚಳಕ್ಕೆ ಅರಿಶಿನ ಕುಂಕುಮ. ಕೈಗೆ ತೆಗೆದುಕೊಂಡು ಮುಚ್ಚಳ ತಿರುಗಿಸಿದೆ. ನನ್ನ 'ಅ' ಅಲ್ಲೇ ಇತ್ತು. ಇದು ನನ್ನದು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಪಕ್ಕಕ್ಕೆ ಬಂದು ಮುಳ್ಳನ್ನು ತೋರಿಸಿದಳು.

"ದೊಡ್ ಸತ್ಯದ್ದು ಕಣವ್ವ ಇದು. ಎತ್ಲಾಗ್ ತಿರುಗ್ಸು, ಆ ಕಡೀಕೇ ನೋಡ್ತದೆ. ಆ ಕಡೀಕೆ ನನ್ ಮಗಳೂರು. ಅರಸೀಕೆರೆ ತಾವ ಕೊಟ್ಟಿವ್ನಿ. ಅವ್ಳಿಗೂ ನನ್ ಮಗನ್ಗೂ ಮಾತಿಲ್ಲ, ನಾಕ್ ವರ್ಸ ಆಯ್ತು ಅವ್ಳು ಈ ವಸ್ಲು ತುಳ್ದು. ದಿನಾ ಬೆಳಿಗ್ಗೆ ಎದ್ದು ಇದ ನೋಡ್ತೀನಿ. ಅತ್ಲಾಗೇ ತಿರ್ಗಿರ್ತದೆ. ಸರಿ, ಮಗಳು ಚಂದಾಗವ್ಳೆ ಅಂತ ಕೆಲ್ಸಕ್ಕೆ ಓಯ್ತೀನಿ."

ದುದ್ದದಿಂದ ಅರಸೀಕೆರೆ ಉತ್ತರಕ್ಕಿದೆ. ಇವರು ಏನೋ ಹೇಳಲು ಹೊರಟರು, ಕೈ ಚಿವುಟಿದೆ. ದಿಕ್ಸೂಚಿಯನ್ನು ಗೂಡಿನಲ್ಲೇ ಇಟ್ಟೆ. ಅಜ್ಜಿ ನಮ್ಮನ್ನು ಬಾಗಿಲವರೆಗೆ ಕಳಿಸಿ, "ನಿಮ್ಗೆ ಮುಯ್ಯಿ ಆಕಿವ್ನಿ. ಮೊಮ್ಮಗಳ ಮದ್ವೆ ಆಗ್ತದೆ, ಬಂದು ತೀರಿಸ್ಬೇಕು" ಅಂದಳು.

ದಾರಿಯಲ್ಲಿ ಇವರು, "ಕೇಳಬಹುದಿತ್ತು" ಅಂದರು. ಏನಂತ ಕೇಳಲಿ? ಹಾಸನ ಬರುವವರೆಗೂ ಇವರ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತೆ. ಮನೆಗೆ ಬಂದವರೇ ಇವರು ಹಳದಿ ಸೆಟ್ಟನ್ನು ಬೀರುವಿನಲ್ಲಿ, ದಿಕ್ಸೂಚಿ ಇದ್ದ ಜಾಗದಲ್ಲಿ ಇಟ್ಟು ಬೀಗ ಹಾಕಿದರು. ಅದು ಅವರ ಕ್ಷಮಾಪಣೆ.

ನಾಲ್ಕು ತಿಂಗಳ ಮೇಲೆ ಮದುವೆಗೆ ಹೋದೆವು. ಹಟ್ಟಿಯ ಮುಂದೆಯೇ ಚಪ್ಪರ. ಅರ್ಧ ಡಜನ್ ಲೋಟ ತೆಗೆದುಕೊಂಡು ಹೋಗಿದ್ದೆ, 'ಬಂಡೆ ಮೇಲಿನ ಮದುವೆಯವರು, ಹಾಸನ' ಅಂತ ಕೆತ್ತಿಸಿ. ಅಜ್ಜಿ ಹೊಸ ಸೀರೆ ಉಟ್ಟು ಓಡಾಡುತ್ತಿದ್ದಳು. ಅವಳ ಸೆರಗು ಹಿಡಿದ ಹಾಗೆ ಹಿಂದೆಯೇ ಒಬ್ಬಳು ನಡುವಯಸ್ಸಿನ ಹೆಂಗಸು. ಅದೇ ಮೂಗು, ಅದೇ ನಡಿಗೆ. ಮಾತು ಬಿಟ್ಟಿದ್ದ ಅಣ್ಣನೇ ಅರಸೀಕೆರೆಗೆ ಹೋಗಿ ಕರೆದುಕೊಂಡು ಬಂದನಂತೆ. ಸೋದರತ್ತೆ ಇಲ್ಲದೆ ತಾಳಿ ಕಟ್ಟಿಸಿಕೊಳ್ಳಲ್ಲ ಅಂತ ಮದುಮಗಳು ಹಟ ಹಿಡಿದಿದ್ದಳಂತೆ.

ಊಟವಾದ ಮೇಲೆ ಅಜ್ಜಿ ನನ್ನನ್ನು ಒಳಗೆ ಕರೆದು, ಗೂಡಿನಿಂದ ದಿಕ್ಸೂಚಿ ತೆಗೆದು ನನ್ನ ಮಡಿಲಿಗೆ ಹಾಕಿದಳು. ಮುಖದಲ್ಲಿ ಸ್ವಲ್ಪ ಬೇಜಾರಿತ್ತು.

"ನೀವೇ ಮಡಿಕಳಿ ತಾಯಿ. ನಿಮ್ಮೆಜಮಾನ್ರು ಮಿಸನ್ ಬಲ್ಲೋರು, ಆದ್ರೆ ರಿಪೇರಿ ಮಾಡ್ಲಿ. ನನ್ ಮಗಳು ಬಂದು ಮೂರ್ ದಿನ ಆಯ್ತು, ಇಲ್ಲೇ ನನ್ ಪಕ್ಕದಲ್ಲೇ ಅವ್ಳೆ. ಇದು ಇನ್ನೂ ಅರಸೀಕೆರೆ ಕಡೀಕೇ ನೋಡ್ತಾ ಕುಂತದೆ. ಕೆಟ್ಟೋಗದೆ."

ನಾನು ಅಪ್ಪನ ದಿಕ್ಸೂಚಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡರು. "ಅಜ್ಜಿ, ಅದು ಹಾಗಲ್ಲ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ಈ ಮುಳ್ಳು ಯಾವಾಗಲೂ ಉತ್ತರ..."

ನಾನು ಅವರ ಕಾಲಿನ ಮೇಲೆ ನನ್ನ ಕಾಲಿಟ್ಟು, ಪೂರ್ತಿ ಭಾರ ಬಿಟ್ಟು ನಿಂತೆ.

ಇಪ್ಪತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವರು ಒಂದು ಸಲ ನನ್ನ ಮುಖ ನೋಡಿ, ಒಂದು ಸಲ ಅಜ್ಜಿಯ ಮುಖ ನೋಡಿ, "ಹೌದಜ್ಜಿ, ಪೂರ್ತಿ ಕೆಟ್ಟೋಗಿದೆ" ಅಂದರು.